ಗೇರ್ ಟೈಟ್ ಆಗಿದ್ದರೆ ಎಲ್ಲಿಂದ ಹುಡುಕಬೇಕು: ಪೆಡಲ್‌ನಿಂದ ಗೇರ್‌ಬಾಕ್ಸ್‌ವರೆಗೆ

ಗೇರ್ ಬೀಳುವುದು ಸ್ವಲ್ಪ ಕಷ್ಟವಾದರೆ ಸಾಕು, ಪಕ್ಕದಲ್ಲಿ ಕೂತವರು "ಗೇರ್‌ಬಾಕ್ಸ್ ಹೋಯ್ತು ಬಿಡಿ" ಅಂದುಬಿಡುತ್ತಾರೆ. ಅಷ್ಟು ಬೇಗ ನಂಬಬೇಡಿ. ಗೇರ್‌ಬಾಕ್ಸ್ ಒಳಗಿನ ಭಾಗಗಳು ಗಟ್ಟಿಮುಟ್ಟಾಗಿರುತ್ತವೆ. ಬಹಳಷ್ಟು ಸಲ ತಪ್ಪು ಹೊರಗಡೆಯೇ ಇರುತ್ತದೆ. ಕ್ಲಚ್ ಪೂರ್ತಿ ಬಿಡುತ್ತಿರುವುದಿಲ್ಲ, ಇಲ್ಲವೇ ಕೇಬಲ್ ಬಿಗಿಯಾಗಿರುತ್ತದೆ, ಇಲ್ಲವೇ ಆಯಿಲ್ ಹಳತಾಗಿರುತ್ತದೆ. ಇವನ್ನೆಲ್ಲ ನೋಡದೆ ನೇರವಾಗಿ ಗೇರ್‌ಬಾಕ್ಸ್ ಇಳಿಸಿದರೆ ದುಡ್ಡು, ದಿನ ಎರಡೂ ದಂಡ.

ಆದ್ದರಿಂದ ಹುಡುಕುವ ಕ್ರಮವೇ ಮುಖ್ಯ. ಖರ್ಚಿಲ್ಲದ್ದು ಮೊದಲು, ಬಿಚ್ಚುವ ಕೆಲಸ ಕೊನೆಗೆ.

ಒಳಗೆ ಏನು ನಡೆಯುತ್ತದೆ

ಕ್ಲಚ್ ತುಳಿದಾಗ ರಿಲೀಸ್ ಬೇರಿಂಗ್ ಮುಂದೆ ಸರಿದು ಪ್ರೆಶರ್ ಪ್ಲೇಟಿನ ಸ್ಪ್ರಿಂಗನ್ನು ಒತ್ತುತ್ತದೆ. ಎಂಜಿನ್ ಜೊತೆ ತಿರುಗುವ ಭಾರದ ಚಕ್ರವಾದ ಫ್ಲೈವೀಲಿಗೂ ಪ್ರೆಶರ್ ಪ್ಲೇಟಿಗೂ ನಡುವೆ ಸಿಕ್ಕಿಕೊಂಡಿದ್ದ ಕ್ಲಚ್ ಪ್ಲೇಟ್ ಆಗ ಸಡಿಲವಾಗುತ್ತದೆ. ಎಂಜಿನ್ ತನ್ನ ಪಾಡಿಗೆ ತಿರುಗುತ್ತಿದ್ದರೂ ಗೇರ್‌ಬಾಕ್ಸಿಗೆ ಅದರ ಬಲ ತಲುಪುವುದಿಲ್ಲ. ಈ ಬಿಡುಗಡೆಗೆ ಸಿಗುವ ಸಂದು ತೀರಾ ಸಣ್ಣದು, ಒಂದು ಮಿಲಿಮೀಟರಿನ ಆಸುಪಾಸು ಅಷ್ಟೇ. ಪೆಡಲ್ ಕೊನೆಯವರೆಗೆ ಹೋಗದಿದ್ದರೆ, ಅಥವಾ ಹೋದರೂ ಅದರ ಒತ್ತಡ ಪೂರ್ತಿ ಆಚೆ ತಲುಪದಿದ್ದರೆ, ಪ್ಲೇಟ್ ಅರೆಬರೆ ಉಜ್ಜುತ್ತಲೇ ಇರುತ್ತದೆ. ಗ್ಯಾರೇಜಿನಲ್ಲಿ ಇದಕ್ಕೆ ಕ್ಲಚ್ ಡ್ರ್ಯಾಗ್ ಅನ್ನುತ್ತಾರೆ.

ಇನ್ನು ಗೇರ್‌ಬಾಕ್ಸ್ ಕಡೆ. ನೀವು ಲಿವರ್ ತಳ್ಳಿದಾಗ ಒಂದು ಸ್ಲೀವ್ ಜಾರಿ ಹೋಗಿ ಗೇರಿನ ಪಕ್ಕದ ಸಣ್ಣ ಹಲ್ಲುಗಳ ಮೇಲೆ ಕೂರಬೇಕು. ಎರಡೂ ಒಂದೇ ವೇಗದಲ್ಲಿ ತಿರುಗುತ್ತಿದ್ದರೆ ಮಾತ್ರ ಅದು ಸದ್ದಿಲ್ಲದೆ ಕೂರುತ್ತದೆ. ಆ ವೇಗ ಸರಿಹೊಂದಿಸುವುದು ಸಿಂಕ್ರೋ ರಿಂಗ್, ಸಾಮಾನ್ಯವಾಗಿ ಹಿತ್ತಾಳೆಯದು. ಗೇರಿನ ಇಳಿಜಾರು ಮೈಗೆ ಅದು ಒತ್ತಿ ಉಜ್ಜುತ್ತದೆ, ವೇಗ ಸಮ ಮಾಡುತ್ತದೆ. ಸಮ ಆಗುವವರೆಗೆ ಸ್ಲೀವನ್ನು ಮುಂದೆ ಹೋಗಲು ಬಿಡುವುದಿಲ್ಲ.

ಈ ಕೊನೆಯ ಮಾತನ್ನು ಗಮನಿಸಿ. ಕೈಗೆ ಗೇರ್ ಟೈಟ್ ಅನಿಸುವುದು ಎಷ್ಟೋ ಸಲ ಸಿಂಕ್ರೋ ತನ್ನ ಕೆಲಸ ತಾನು ಮಾಡುತ್ತಿರುವುದಕ್ಕೇ. ಕ್ಲಚ್ ಪೂರ್ತಿ ಬಿಡದಿದ್ದರೆ ಒಂದು ಕಡೆಯಿಂದ ಎಂಜಿನ್ ಗೇರ್‌ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತಲೇ ಇರುತ್ತದೆ, ಇನ್ನೊಂದು ಕಡೆಯಿಂದ ಆ ಚಿಕ್ಕ ರಿಂಗ್ ಅದನ್ನು ತಡೆಯಲು ನೋಡುತ್ತದೆ. ಗೆಲ್ಲುವುದು ಎಂಜಿನ್ನೇ. ಆಗ ಲಿವರನ್ನು ಬಲವಂತವಾಗಿ ತಳ್ಳಿದರೆ ರಿಂಗ್ ಸವೆಯುತ್ತದೆ. ಅಂದರೆ ಹೊರಗಿನ ಸಣ್ಣ ತೊಂದರೆಯನ್ನು ನಾವೇ ತಳ್ಳಿ ತಳ್ಳಿ ಒಳಗಿನ ದೊಡ್ಡ ತೊಂದರೆ ಮಾಡಿಕೊಳ್ಳುತ್ತೇವೆ.

ಮೊದಲ ಪರೀಕ್ಷೆ: ಎಂಜಿನ್ ಆಫ್ ಮಾಡಿ ನೋಡಿ

ಸ್ಪ್ಯಾನರ್ ಮುಟ್ಟುವ ಮೊದಲು ಇದನ್ನು ಮಾಡಿ. ಎರಡು ನಿಮಿಷದ ಕೆಲಸ. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಿರಿ. ಎಂಜಿನ್ ಆಫ್ ಮಾಡಿ. ಕ್ಲಚ್ ತುಳಿದು ಒಂದರಿಂದ ಕೊನೆಯ ಗೇರ್‌ವರೆಗೆ, ಆಮೇಲೆ ರಿವರ್ಸ್, ನಿಧಾನವಾಗಿ ಒಂದೊಂದೇ ಹಾಕಿ ತೆಗೆಯಿರಿ. ಈಗ ಎಂಜಿನ್ ಸ್ಟಾರ್ಟ್ ಮಾಡಿ, ಕಾರು ನಿಂತಲ್ಲೇ ಇರುವಾಗ ಕ್ಲಚ್ ಪೂರ್ತಿ ತುಳಿದು ಅದನ್ನೇ ಮತ್ತೊಮ್ಮೆ ಮಾಡಿ.

ಆಫ್ ಇದ್ದಾಗ ಹಗುರ, ಎಂಜಿನ್ ಓಡುವಾಗ ಟೈಟ್ ಅಂದರೆ ಕ್ಲಚ್ ಬಿಡುತ್ತಿಲ್ಲ. ಗೇರ್‌ಬಾಕ್ಸನ್ನೂ ಗೇರ್ ಕೇಬಲನ್ನೂ ಸದ್ಯಕ್ಕೆ ಮರೆತುಬಿಡಿ. ಆಫ್ ಇದ್ದಾಗಲೂ ಅಷ್ಟೇ ಟೈಟ್ ಅಂದರೆ ಲಿವರ್, ಕೇಬಲ್, ಅಥವಾ ಗೇರ್‌ಬಾಕ್ಸ್ ಮೇಲಿನ ಸೆಲೆಕ್ಟರ್ ಶಾಫ್ಟ್ (ಲಿವರಿನ ಚಲನೆಯನ್ನು ಒಳಗೆ ಒಯ್ಯುವ ದಂಡ) ಕಡೆ ನೋಡಬೇಕು. ಎಂಜಿನ್ ಆಫ್ ಇದ್ದಾಗ ಒಂದೊಂದು ಸಲ ಹಲ್ಲಿಗೆ ಹಲ್ಲು ಎದುರಾಗಿ ಗೇರ್ ಅಡ್ಡ ನಿಲ್ಲುತ್ತದೆ. ಅದು ದೋಷವಲ್ಲ. ನ್ಯೂಟ್ರಲ್‌ಗೆ ತಂದು ಕ್ಲಚ್ ಬಿಟ್ಟು ಮತ್ತೆ ತುಳಿದು ಹಾಕಿ, ಅಥವಾ ಕಾರನ್ನು ಕೈಯಲ್ಲಿ ಒಂದಿಷ್ಟು ಅಲುಗಿಸಿ.

ಯಾವಾಗ ಟೈಟ್ ಆಗುತ್ತದೆ ಅನ್ನುವುದನ್ನೂ ಗಮನಿಸಿ. ಬೆಳಗ್ಗೆ ತಣ್ಣಗಿದ್ದಾಗ ಬಿಗಿ, ಸ್ವಲ್ಪ ದೂರ ಓಡಿಸಿದ ಮೇಲೆ ಸರಿ ಅಂದರೆ ಆಯಿಲ್ ಮೇಲೆ ಅನುಮಾನ ಪಡಿ. ತಣ್ಣಗಿದ್ದಾಗ ಸರಿಯಿದ್ದು, ಟ್ರಾಫಿಕ್ಕಿನಲ್ಲಿ ಬಿಸಿ ಏರಿದ ಮೇಲೆ ಹದಗೆಟ್ಟರೆ ಕ್ಲಚ್ಚಿನ ಹೈಡ್ರಾಲಿಕ್ ಕಡೆ ಹೋಗಿ, ಅಂದರೆ ಪೆಡಲಿನ ಒತ್ತಡವನ್ನು ಕೇಬಲ್ ಬದಲು ಫ್ಲೂಯಿಡ್ ಮೂಲಕ ತಲುಪಿಸುವ ವ್ಯವಸ್ಥೆಯ ಕಡೆ. ಎರಡನೆಯ ಗೇರ್ ಒಂದೇ ಕೈಕೊಡುತ್ತಿದ್ದು ಉಳಿದವೆಲ್ಲ ಬೆಣ್ಣೆಯಂತೆ ಬೀಳುತ್ತಿದ್ದರೆ ಆ ಗೇರಿನ ಸಿಂಕ್ರೋ ಸವೆದಿರಬಹುದು. ಕ್ಲಚ್ ಕೆಟ್ಟರೆ ಎಲ್ಲ ಗೇರಿಗೂ ಅದರ ಬಿಸಿ ತಟ್ಟುತ್ತದೆ. ಅದರಲ್ಲೂ ನಿಂತಲ್ಲಿ ಹಾಕುವ ಒಂದನೇ ಗೇರ್ ಮತ್ತು ರಿವರ್ಸಿಗೆ ಜಾಸ್ತಿ.

ರಿವರ್ಸ್ ಬಗ್ಗೆ ಒಂದು ಮಾತು. ಎಷ್ಟೋ ಕಾರುಗಳಲ್ಲಿ ರಿವರ್ಸಿಗೆ ಸಿಂಕ್ರೋ ಇರುವುದೇ ಇಲ್ಲ. ಕ್ಲಚ್ ತುಳಿದ ತಕ್ಷಣ ಹಾಕಿದರೆ ಕರ್ರ್ ಅನ್ನುವುದು ಸಹಜ. ಎರಡು ಮೂರು ಸೆಕೆಂಡ್ ತಡೆದು ಹಾಕಿ. ಇಲ್ಲವೇ ಮೊದಲು ಮೂರನೆಯದಕ್ಕೋ ನಾಲ್ಕನೆಯದಕ್ಕೋ ಒಮ್ಮೆ ಹಾಕಿ, ಆಮೇಲೆ ರಿವರ್ಸಿಗೆ ತನ್ನಿ. ಆ ಗೇರಿನ ಸಿಂಕ್ರೋ ಶಾಫ್ಟನ್ನು ನಿಲ್ಲಿಸಿಕೊಡುತ್ತದೆ. ಐದು ಸೆಕೆಂಡ್ ಕಾದ ಮೇಲೂ ಕರ್ರ್ ಅಂದರೆ ಕ್ಲಚ್ ಡ್ರ್ಯಾಗ್ ಇದೆ ಅಂತಲೇ ಅರ್ಥ.

ಪೆಡಲ್ ಹತ್ತಿರ ಬಗ್ಗಿ ನೋಡಿ

ಮೊದಲು ಮ್ಯಾಟ್. ನಗಬೇಡಿ. ದಪ್ಪನೆಯ ಮ್ಯಾಟ್ ಹಾಕಿಸಿಕೊಂಡ ಮೇಲೆ ಗೇರ್ ಟೈಟ್ ಆದ ಕಾರುಗಳು ಬೇಕಾದಷ್ಟಿವೆ. ಒಂದರ ಮೇಲೊಂದು ಎರಡು ಮ್ಯಾಟ್ ಇದ್ದರಂತೂ ಪೆಡಲ್ ಕೊನೆ ಮುಟ್ಟುವುದೇ ಇಲ್ಲ. ಮ್ಯಾಟ್ ಎತ್ತಿ ಹೊರಗಿಟ್ಟು ಒಂದು ರೌಂಡ್ ಓಡಿಸಿ ನೋಡಿ. ಸೀಟ್ ತೀರಾ ಹಿಂದಿದ್ದರೂ ಕಾಲು ಪೂರ್ತಿ ಎಟುಕುವುದಿಲ್ಲ. ಪೆಡಲ್ ನೆಲ ಮುಟ್ಟಿದಾಗಲೂ ಮಂಡಿ ಸ್ವಲ್ಪ ಮಡಚಿರಬೇಕು.

ಆಮೇಲೆ ಪೆಡಲನ್ನು ಕಾಲಿನಿಂದಲ್ಲ, ಕೈಯಿಂದ ಒತ್ತಿ. ಶುರುವಿನಲ್ಲಿ ಏನೂ ತಡೆಯಿಲ್ಲದೆ ಸ್ವಲ್ಪ ದೂರ ಹೋಗುತ್ತದಲ್ಲ, ಅದೇ ಫ್ರೀ ಪ್ಲೇ. ಕೇಬಲ್ ಕ್ಲಚ್ ಇರುವ ಕಾರುಗಳಲ್ಲಿ ಇದು ಸಾಮಾನ್ಯವಾಗಿ 10ರಿಂದ 30 ಮಿಲಿಮೀಟರ್ ಇರುತ್ತದೆ. ನಿಮ್ಮ ಕಾರಿನ ಸರಿಯಾದ ಅಳತೆ ಮ್ಯಾನುಯಲ್ ಪುಸ್ತಕದಲ್ಲಿ ಸಿಗುತ್ತದೆ. ಹೈಡ್ರಾಲಿಕ್ ಕ್ಲಚ್ ಆದರೆ ಇದು ಇನ್ನೂ ಕಡಿಮೆ. ಫ್ರೀ ಪ್ಲೇ ಜಾಸ್ತಿ ಆದಷ್ಟೂ ಕ್ಲಚ್ ಬಿಡಿಸಲು ಉಳಿಯುವ ಓಟ ಕಡಿಮೆ. ಹಾಗಂತ ಪೂರ್ತಿ ಇಲ್ಲದಂತೆ ಬಿಗಿ ಮಾಡಿದರೆ ರಿಲೀಸ್ ಬೇರಿಂಗ್ ಸದಾ ಒತ್ತಿಕೊಂಡೇ ಇರುತ್ತದೆ, ಕ್ಲಚ್ ಸ್ಲಿಪ್ ಆಗಿ ಪ್ಲೇಟ್ ಸುಡುತ್ತದೆ.

ಟಾರ್ಚ್ ಹಿಡಿದು ಪೆಡಲಿನ ಮೇಲ್ಭಾಗ ನೋಡಿ. ಪೆಡಲ್ ಕೂತಿರುವ ಪಿನ್, ಅದರ ಬುಶ್ ಸವೆದಿದ್ದರೆ ಪೆಡಲ್ ಅಡ್ಡಡ್ಡ ಅಲ್ಲಾಡುತ್ತದೆ. ಹೈಡ್ರಾಲಿಕ್ ಕ್ಲಚ್ ಆದರೆ, ಪೆಡಲ್ ಒತ್ತಿದಾಗ ಫ್ಲೂಯಿಡನ್ನು ನೂಕುವ ಮಾಸ್ಟರ್ ಸಿಲಿಂಡರಿನ ತಳ್ಳುವ ರಾಡ್ ಹತ್ತಿರ ಬೆರಳು ಆಡಿಸಿ. ಒದ್ದೆಯಾಗಿದ್ದರೆ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಎಷ್ಟೋ ಸಲ ಈ ಸೋರಿಕೆ ಪೆಡಲಿನ ತೋಳಿನ ಗುಂಟ ಇಳಿದು ಕಾರ್ಪೆಟ್ಟಿನೊಳಗೆ ಹೋಗಿಬಿಡುತ್ತದೆ. ಕಾರಿನ ಕೆಳಗೆ ಒಂದು ಹನಿಯೂ ಕಾಣುವುದಿಲ್ಲ.

ಹೈಡ್ರಾಲಿಕ್ ಕ್ಲಚ್: ಗಾಳಿ ಸೇರಿದೆಯಾ?

ಸುಲಭದ ಪರೀಕ್ಷೆ ಒಂದಿದೆ. ಎಂಜಿನ್ ಓಡುತ್ತಿರುವಾಗ ಕ್ಲಚ್ಚನ್ನು ನಾಲ್ಕೈದು ಸಲ ಬೇಗ ಬೇಗ ತುಳಿದು ಬಿಟ್ಟು, ಕೊನೆಯ ಸಲ ತುಳಿದೇ ಹಿಡಿದು ಗೇರ್ ಹಾಕಿ. ಈಗ ಹಗುರವಾಗಿ ಬಿತ್ತಾ? ಹಾಗಾದರೆ ಲೈನಿನಲ್ಲಿ ಗಾಳಿ ಇದೆ, ಫ್ಲೂಯಿಡ್ ಕಡಿಮೆಯಾಗಿದೆ, ಅಥವಾ ಮಾಸ್ಟರ್ ಸಿಲಿಂಡರಿನ ಒಳಸೀಲ್ ಬಿಟ್ಟಿದೆ. ಇನ್ನೊಂದು ರೀತಿ: ಗೇರ್ ಹಾಕಿ ಕ್ಲಚ್ ತುಳಿದು ಅರ್ಧ ನಿಮಿಷ ಹಾಗೇ ಹಿಡಿಯಿರಿ. ಬ್ರೇಕ್ ಮೇಲೆ ಇನ್ನೊಂದು ಕಾಲು ಇರಲಿ. ಪೆಡಲ್ ತುಳಿದೇ ಇದ್ದರೂ ಕಾರು ಮೆಲ್ಲಗೆ ಮುಂದೆ ಎಳೆಯಲು ಶುರು ಮಾಡಿದರೆ ಒತ್ತಡ ಒಳಗೊಳಗೇ ಸೋರುತ್ತಿದೆ.

ಬಾನೆಟ್ ತೆಗೆದು ಫ್ಲೂಯಿಡ್ ಡಬ್ಬಿಯ ಮಟ್ಟ ನೋಡಿ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಡಬ್ಬಿ. ಅದರ ಪಕ್ಕದಿಂದ, ತಳಕ್ಕಿಂತ ಮೇಲೆ, ಕ್ಲಚ್ಚಿನ ಪೈಪ್ ಹೊರಡುತ್ತದೆ. ಹಾಗಾಗಿ ಮಟ್ಟ ಇಳಿದರೆ ಬ್ರೇಕಿಗಿಂತ ಮೊದಲು ಕ್ಲಚ್ಚಿಗೆ ಗಾಳಿ ಸೇರುತ್ತದೆ. ಮುಚ್ಚಳದ ಮೇಲೆ ಬರೆದಿರುವುದನ್ನೇ ಹಾಕಿ, ಡಾಟ್ 3 ಅಥವಾ ಡಾಟ್ 4. ಸಿಲಿಕೋನ್ ಮೂಲದ ಡಾಟ್ 5 ಇವುಗಳ ಜೊತೆ ಬೆರೆಯುವುದಿಲ್ಲ, ಅದನ್ನು ಮುಟ್ಟಬೇಡಿ. ಎಂಜಿನ್ ಆಯಿಲ್, ಗೇರ್ ಆಯಿಲ್ ಈ ಡಬ್ಬಿಗೆ ತಪ್ಪಿಯೂ ಬೀಳಬಾರದು. ರಬ್ಬರ್ ಸೀಲುಗಳು ಉಬ್ಬಿ ಬ್ರೇಕ್ ಸಮೇತ ಕೆಡುತ್ತದೆ. ಫ್ಲೂಯಿಡ್ ಕಾಫಿ ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ. ಇದು ಗಾಳಿಯ ತೇವ ಹೀರುತ್ತದೆ, ಆಮೇಲೆ ಬಿಸಿಗೆ ಬೇಗ ಕುದಿಯುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಿಸುವುದು ಒಳ್ಳೆಯದು.

ಗಾಳಿ ತೆಗೆಯಲು ಇಬ್ಬರು ಬೇಕು. ಬೇಕಾದ ಸಾಮಾನು: ನಿಪ್ಪಲಿಗೆ ಹೊಂದುವ ರಿಂಗ್ ಸ್ಪ್ಯಾನರ್, ಒಳಗೆ ಕಾಣುವ ಸಣ್ಣ ಪೈಪ್, ತಳದಲ್ಲಿ ಒಂದಿಷ್ಟು ಹೊಸ ಫ್ಲೂಯಿಡ್ ಹಾಕಿದ ಬಾಟಲಿ. ಗೇರ್‌ಬಾಕ್ಸ್ ಪಕ್ಕದಲ್ಲಿ ಫ್ಲೂಯಿಡಿನ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಇರುತ್ತದೆ, ಅದರ ಮೇಲೆ ರಬ್ಬರ್ ಟೋಪಿ ಹಾಕಿದ ನಿಪ್ಪಲ್ ಕಾಣುತ್ತದೆ.

1. ಡಬ್ಬಿ ತುಂಬಿಸಿ. ನಿಪ್ಪಲಿಗೆ ಮೊದಲು ಸ್ಪ್ಯಾನರ್, ಆಮೇಲೆ ಪೈಪ್ ಸಿಕ್ಕಿಸಿ. ಪೈಪಿನ ಇನ್ನೊಂದು ತುದಿ ಬಾಟಲಿಯ ಫ್ಲೂಯಿಡ್‌ನಲ್ಲಿ ಮುಳುಗಿರಲಿ.
2. ಒಳಗೆ ಕೂತವರು ಪೆಡಲನ್ನು ನಿಧಾನ ಕೆಳಗೆ ಒತ್ತಿ "ಒತ್ತಿದೀನಿ" ಅನ್ನಬೇಕು. ಹಾಗೆ ಹೇಳಿದ ಮೇಲೆ ನೀವು "ಬಿಡಿ" ಅನ್ನುವವರೆಗೆ ಕಾಲು ಎತ್ತಬಾರದು.
3. ನೀವು ನಿಪ್ಪಲನ್ನು ಕಾಲು ಸುತ್ತು ಸಡಿಲಿಸಿ. ಗುಳ್ಳೆ ಸಮೇತ ಫ್ಲೂಯಿಡ್ ಬರುತ್ತದೆ. ಹರಿವು ನಿಲ್ಲುವ ಮೊದಲೇ ಬಿಗಿ ಮಾಡಿ, ಆಮೇಲೆ "ಬಿಡಿ" ಅನ್ನಿ.
4. ಗುಳ್ಳೆ ನಿಲ್ಲುವವರೆಗೆ, ಬಣ್ಣ ತಿಳಿಯಾಗುವವರೆಗೆ ಮುಂದುವರಿಸಿ. ನಾಲ್ಕೈದು ಸಲಕ್ಕೊಮ್ಮೆ ಡಬ್ಬಿ ನೋಡಿ ತುಂಬಿಸಿ. ಅದು ಖಾಲಿಯಾದರೆ ಮತ್ತೆ ಒಂದರಿಂದ ಶುರು.

ಮಧ್ಯೆ ಪೆಡಲ್ ಮೇಲೆ ಬಾರದೆ ನೆಲದಲ್ಲೇ ಕೂತರೆ ಗಾಬರಿ ಬೇಡ. ಕಾಲಿನ ಬೆರಳಿನಿಂದ ಎತ್ತಿ ಮೇಲೆ ತನ್ನಿ. ಫ್ಲೂಯಿಡ್ ಕಾರಿನ ಪೇಂಟ್ ಮೇಲೆ ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಪೇಂಟ್ ಎದ್ದು ಬರುತ್ತದೆ. ಕಣ್ಣಿಗೆ ಕನ್ನಡಕ ಇರಲಿ.

ಗಾಳಿ ತೆಗೆದು ಒಂದು ವಾರದಲ್ಲಿ ಮತ್ತೆ ಅದೇ ಕಥೆ ಆದರೆ ಸುಮ್ನೆ ಮತ್ತೆ ಮತ್ತೆ ತೆಗೆಯುತ್ತಾ ಕೂರಬೇಡಿ. ಸೀಲ್ ಹೋಗಿದೆ. ಸ್ಲೇವ್ ಸಿಲಿಂಡರಿನ ರಬ್ಬರ್ ಬೂಟ್ ತುದಿ ಎತ್ತಿ ನೋಡಿ, ಒಳಗೆ ಫ್ಲೂಯಿಡ್ ತೊಟ್ಟಿಕ್ಕಿದರೆ ಅದನ್ನು ಬದಲಿಸಬೇಕು. ಕೆಲವು ಕಾರುಗಳಲ್ಲಿ ಸ್ಲೇವ್ ಸಿಲಿಂಡರ್ ಬೆಲ್ ಹೌಸಿಂಗ್ (ಕ್ಲಚ್ಚನ್ನು ಮುಚ್ಚಿರುವ ಕವಚ) ಒಳಗೆ, ರಿಲೀಸ್ ಬೇರಿಂಗ್ ಜೊತೆಗೇ ಇರುತ್ತದೆ. ಅದು ಸೋರಿದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಜಾಯಿಂಟ್‌ನ ಕೆಳಗೆ ಒದ್ದೆ ಕಾಣುತ್ತದೆ. ಅದಕ್ಕೆ ಗೇರ್‌ಬಾಕ್ಸ್ ಇಳಿಸದೆ ಬೇರೆ ದಾರಿ ಇಲ್ಲ.

ಕೇಬಲ್ ಕ್ಲಚ್ ಆದರೆ

ಇದು ಸುಲಭ. ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರಿಗೆ ಕೇಬಲ್ ಸಿಕ್ಕಿಸಿರುವ ಕಡೆ ಅಡ್ಜಸ್ಟ್ ಮಾಡುವ ನಟ್ ಇರುತ್ತದೆ. ಒಂದೆರಡು ಸುತ್ತು ಬಿಗಿ ಮಾಡಿ, ಪೆಡಲ್ ಫ್ರೀ ಪ್ಲೇ ಅಳೆದು, ಮತ್ತೆ ನೋಡಿ. ಲಾಕ್ ನಟ್ ಇದ್ದರೆ ಕೊನೆಗೆ ಅದನ್ನು ಬಿಗಿ ಮಾಡುವುದು ಮರೆಯಬೇಡಿ. ಕೆಲವು ಕಾರುಗಳಲ್ಲಿ ಪೆಡಲ್ ಹತ್ತಿರವೇ ತಾನಾಗಿ ಅಡ್ಜಸ್ಟ್ ಆಗುವ ಹಲ್ಲಿನ ಚಕ್ರ ಇರುತ್ತದೆ, ಅಲ್ಲಿ ನಟ್ ಹುಡುಕಬೇಡಿ.

ಕೇಬಲ್ಲಿನ ತುದಿಯಲ್ಲಿ ಒಂದೆರಡು ಎಳೆ ಬಿಚ್ಚಿಕೊಂಡಿದ್ದರೆ ಅದರ ಕಾಲ ಮುಗಿದಿದೆ. ಎಣ್ಣೆ ಬಿಟ್ಟು ಕಾಲ ತಳ್ಳುವ ಬದಲು ಹೊಸದು ಹಾಕಿ. ಅಡ್ಜಸ್ಟ್ ಮಾಡಲು ನಟ್ಟಿಗೆ ತಿರುಪಿನ ದಾರವೇ ಉಳಿದಿಲ್ಲ ಅಂದರೂ ಅಷ್ಟೇ: ಕೇಬಲ್ ಎಳೆದುಕೊಂಡಿದೆ, ಇಲ್ಲವೇ ಪ್ಲೇಟ್ ಸವೆದು ಕೊನೆಗೆ ಬಂದಿದೆ.

ಗೇರ್ ಲಿವರ್ ಮತ್ತು ಅದರ ಕೇಬಲ್‌ಗಳು

ಎಂಜಿನ್ ಆಫ್ ಇದ್ದಾಗಲೂ ಟೈಟ್ ಇದ್ದವರು ನೇರವಾಗಿ ಇಲ್ಲಿಗೆ ಬನ್ನಿ. ನನ್ನ ಲೆಕ್ಕದಲ್ಲಿ ಹೆಚ್ಚು ಜನ ನೋಡದೇ ಬಿಡುವ ಜಾಗ ಇದೇ.

ಮುಂದಿನ ಚಕ್ರಕ್ಕೆ ಬಲ ಹೋಗುವ ಹೆಚ್ಚಿನ ಕಾರುಗಳಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಎರಡು ಕೇಬಲ್ ಹೋಗುತ್ತವೆ. ಒಂದು ಲಿವರಿನ ಎಡಬಲದ ಚಲನೆಗೆ, ಇನ್ನೊಂದು ಹಿಂದೆಮುಂದೆ ಚಲನೆಗೆ. ಹಳೆಯ ಕಾರುಗಳಲ್ಲಿ ಕೇಬಲ್ ಬದಲು ರಾಡ್. ಕೆಳಗಿಳಿಯುವ ಮೊದಲು ಲಿವರಿನ ಬೂಟ್ ಎತ್ತಿ ಬುಡ ನೋಡಿ. ನಾಣ್ಯ, ಪೆನ್ನಿನ ಮುಚ್ಚಳ, ಚೆಲ್ಲಿ ಒಣಗಿದ ಜ್ಯೂಸಿನ ಅಂಟು, ಎಲ್ಲ ಅಲ್ಲೇ ಸೇರಿರುತ್ತವೆ. ಒರೆಸಿ, ಗುಂಡಗಿನ ಪಿವಟ್ಟಿಗೆ ಸಿಲಿಕೋನ್ ಗ್ರೀಸ್ ಸವರಿ.

ಈಗ ತೀರ್ಪು ಕೊಡುವ ಪರೀಕ್ಷೆ. ಎಂಜಿನ್ ಆಫ್ ಇರಲಿ, ತಣ್ಣಗಿರಲಿ. ಕಾರು ಅಲುಗದಂತೆ ಚಕ್ರಕ್ಕೆ ಅಡ್ಡ ಕೊಡಿ. ಬಾನೆಟ್ ತೆಗೆದು ಗೇರ್‌ಬಾಕ್ಸ್ ಮೇಲೆ ಕೇಬಲ್ ತುದಿಗಳು ಸಿಕ್ಕಿಕೊಂಡಿರುವ ಜಾಗ ಹುಡುಕಿ. ಕೆಲವು ಕಾರುಗಳಲ್ಲಿ ಏರ್ ಫಿಲ್ಟರ್ ಡಬ್ಬಿಯನ್ನೋ ಬ್ಯಾಟರಿಯನ್ನೋ ತೆಗೆದರೆ ಮಾತ್ರ ಕಾಣುತ್ತದೆ. ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಲಾಕ್ ಕ್ಲಿಪ್ ತೆಗೆದು, ಅಗಲ ಸ್ಕ್ರೂಡ್ರೈವರಿನಿಂದ ಎರಡೂ ಕಡೆ ಸ್ವಲ್ಪ ಸ್ವಲ್ಪವೇ ಮೀಟಿ ಕೇಬಲ್ ತುದಿಗಳನ್ನು ಬಿಡಿಸಿ. ಹಳೇ ಪ್ಲಾಸ್ಟಿಕ್, ಒಂದೇ ಕಡೆಯಿಂದ ಜೋರಾಗಿ ಮೀಟಿದರೆ ಟಕ್ ಅಂತ ಮುರಿಯುತ್ತದೆ.

ಎರಡೂ ಬಿಡಿಸಿದ ಮೇಲೆ ಗೇರ್‌ಬಾಕ್ಸಿನ ಲಿವರನ್ನು ಕೈಯಿಂದ ಅಲುಗಿಸಿ. ಸ್ಪ್ರಿಂಗಿನ ತಡೆ ಇರುತ್ತದೆ, ಗೇರ್ ಬಿದ್ದಾಗ ಟಕ್ ಅನ್ನುವುದು ಬೆರಳಿಗೆ ಗೊತ್ತಾಗುತ್ತದೆ. ಅದು ಸರಾಗವಾಗಿ ಆಡಿದರೆ ಗೇರ್‌ಬಾಕ್ಸ್ ನಿರಪರಾಧಿ. ತಪ್ಪು ಕೇಬಲ್ಲಿನದು ಅಥವಾ ಒಳಗಿನ ಲಿವರಿನದು. ಬಿಡಿಸಿದ ಕೇಬಲ್ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಎಳೆದು ತಳ್ಳಿ. ಒಳಗಿನ ಲಿವರ್ ಜೊತೆಗೇ ಸಲೀಸಾಗಿ ಆಡಬೇಕು. ಕಚ್ಚುತ್ತಾ ಕಚ್ಚುತ್ತಾ ಬಂದರೆ ಹೊರಕವಚ ಸೀಳಿ ಒಳಗೆ ತುಕ್ಕು ಹಿಡಿದಿದೆ. ಈ ಕೇಬಲ್‌ಗಳ ಒಳಗೆ ಪ್ಲಾಸ್ಟಿಕ್ ಪದರ ಇರುತ್ತದೆ, ಎಣ್ಣೆ ಬಿಟ್ಟು ಉಳಿಸಲು ಹೋಗಬೇಡಿ. ಬದಲಿಸಿ.

ಕೈಯಿಂದ ಆಡಿಸಿದಾಗಲೂ ಬಿಗಿ ಅಂದರೆ ಗೇರ್‌ಬಾಕ್ಸಿನಿಂದ ಹೊರಗೆ ಬರುವ ಸೆಲೆಕ್ಟರ್ ಶಾಫ್ಟನ್ನೂ ಅದರ ಪಕ್ಕದ ಪಿವಟ್ ಪಿನ್ನನ್ನೂ ನೋಡಿ. ನೀರು, ಕೆಸರು ಸಿಡಿಯುವ ಜಾಗ. ತುಕ್ಕು ಹಿಡಿದು ಜಾಮ್ ಆಗಿರುವುದು ತುಂಬಾ ಸಾಮಾನ್ಯ. ತುಕ್ಕು ಬಿಡಿಸುವ ಸ್ಪ್ರೇ ಹೊಡೆದು, ಬ್ರಶ್‌ನಲ್ಲಿ ಉಜ್ಜಿ, ಹಿಂದೆ ಮುಂದೆ ಆಡಿಸುತ್ತಾ ಮತ್ತೆ ಹೊಡೆಯಿರಿ. ಸಡಿಲವಾದ ಮೇಲೆ ಗ್ರೀಸ್ ಕೊಡಿ. ಬರೀ ಸ್ಪ್ರೇ ಹೊಡೆದು ಬಿಟ್ಟರೆ ಅದು ಆರಿಹೋಗಿ ಕೆಲವೇ ದಿನದಲ್ಲಿ ಮತ್ತೆ ಹಾಗೇ ಆಗುತ್ತದೆ.

ಕೇಬಲ್ ತುದಿಯ ಪ್ಲಾಸ್ಟಿಕ್ ಬುಶ್‌ಗಳನ್ನೂ ನೋಡಿ. ಸವೆದು ರಂಧ್ರ ದೊಡ್ಡದಾಗಿದ್ದರೆ ಲಿವರ್ ಎಷ್ಟು ತಳ್ಳಿದರೂ ಗೇರ್ ಕೊನೆಯವರೆಗೆ ಹೋಗುವುದಿಲ್ಲ. ಅರ್ಧ ಕೂತ ಗೇರ್ ಕೈಗೆ ಟೈಟ್ ಅನಿಸುತ್ತದೆ, ಒಮ್ಮೊಮ್ಮೆ ಓಡುವಾಗಲೇ ಹಾರಿ ನ್ಯೂಟ್ರಲ್‌ಗೆ ಬರುತ್ತದೆ. ಪುಟ್ಟ ಬುಶ್ ಬದಲಿಸಿದರೆ ಕಾರು ಹೊಸದರಂತೆ ಆಗುವುದುಂಟು. ಕೇಬಲ್ಲಿನ ಉದ್ದ ಅಡ್ಜಸ್ಟ್ ಮಾಡುವುದಿದ್ದರೆ ಸಡಿಲಿಸುವ ಮೊದಲು ಈಗಿರುವ ಜಾಗಕ್ಕೆ ಪೇಂಟಿನ ಗುರುತು ಹಾಕಿ. ಗೇರ್‌ಬಾಕ್ಸ್ ನ್ಯೂಟ್ರಲ್‌ನಲ್ಲಿರಬೇಕು, ಒಳಗಿನ ಲಿವರ್ ಮ್ಯಾನುಯಲ್ ಹೇಳಿದ ನ್ಯೂಟ್ರಲ್ ಜಾಗದಲ್ಲಿ ಲಾಕ್ ಆಗಿರಬೇಕು, ಆಮೇಲೆ ಕ್ಲಾಂಪ್ ಬಿಗಿ.

ಇಲ್ಲೇ ಎಂಜಿನ್ ಕೂರಿಸಿರುವ ರಬ್ಬರ್ ಮೌಂಟನ್ನೂ ನೋಡಿಬಿಡಿ. ರಬ್ಬರ್ ಹರಿದಿದ್ದರೆ ಎಂಜಿನ್ನೂ ಗೇರ್‌ಬಾಕ್ಸೂ ಒಟ್ಟಿಗೆ ವಾಲುತ್ತವೆ, ಕೇಬಲ್ ಎಳೆದಂತಾಗುತ್ತದೆ. ಒಳಗೆ ಒಬ್ಬರು ಬ್ರೇಕ್ ಒತ್ತಿ ಹಿಡಿದು, ಒಂದನೇ ಗೇರಿನಲ್ಲಿ, ಆಮೇಲೆ ರಿವರ್ಸಿನಲ್ಲಿ ಕ್ಲಚ್ಚನ್ನು ಚೂರೇ ಚೂರು ಬಿಡಲಿ. ನೀವು ಪಕ್ಕದಲ್ಲಿ ನಿಂತು ನೋಡಿ. ಕಾರಿನ ಮುಂದೆ ನಿಲ್ಲಲೇಬೇಡಿ. ಎಂಜಿನ್ ಸ್ವಲ್ಪ ಅಲುಗುವುದು ಸರಿ, ಎದ್ದು ಕೂತಂತೆ ಆದರೆ ಮೌಂಟ್ ಹೋಗಿದೆ.

ಗೇರ್ ಆಯಿಲ್

ಗೇರ್ ಆಯಿಲ್ ಎಷ್ಟೋ ಕಾರುಗಳಲ್ಲಿ ಒಮ್ಮೆಯೂ ಬದಲಾಗಿರುವುದಿಲ್ಲ. ಕೆಲವು ಮ್ಯಾನುಯಲ್‌ಗಳು ಇದು ಕಾರಿನ ಆಯುಷ್ಯ ಪೂರ್ತಿ ಸಾಕು ಅನ್ನುತ್ತವೆ. ನಾನು ಆ ಮಾತಿಗೆ ಬೆಲೆ ಕೊಡುವುದಿಲ್ಲ. ಗೇರ್ ಬಿಗಿಯಾಗಿದೆ ಅಂತ ದೂರು ಬಂದ ಮೇಲೆ ಆಯಿಲ್ ಬದಲಿಸಿ ನೋಡುವುದು ಅಗ್ಗದ ಚಿಕಿತ್ಸೆ.

ಯಾವ ಆಯಿಲ್ ಅನ್ನುವುದೇ ಇಲ್ಲಿ ಎಲ್ಲಕ್ಕಿಂತ ಮುಖ್ಯ. 75ಡಬ್ಲ್ಯೂ-80, 75ಡಬ್ಲ್ಯೂ-90, 80ಡಬ್ಲ್ಯೂ-90 ಅನ್ನುವುದು ದಪ್ಪದ ಲೆಕ್ಕ. ಡಬ್ಲ್ಯೂಗಿಂತ ಮೊದಲು ಬರುವ ಅಂಕಿ ಕಡಿಮೆ ಇದ್ದಷ್ಟೂ ಚಳಿಯಲ್ಲಿ ತೆಳುವಾಗಿ ಹರಿಯುತ್ತದೆ. ಜಿಎಲ್-4, ಜಿಎಲ್-5 ಅನ್ನುವುದು ಬೇರೆಯೇ ಲೆಕ್ಕ. ಜಿಎಲ್-5ರಲ್ಲಿ ಗಂಧಕ, ರಂಜಕ ಸೇರಿದ ಒತ್ತಡ ತಡೆಯುವ ಸೇರ್ಪಡೆಗಳು ಜಿಎಲ್-4ರ ಸುಮಾರು ಎರಡರಷ್ಟು ಇರುತ್ತವೆ. ದೊಡ್ಡದು, ಒಳ್ಳೆಯದು ಅನಿಸುತ್ತೆ ಅಲ್ವಾ? ಅಲ್ಲ. ಹಿತ್ತಾಳೆ ರಿಂಗಿಗೆ ಕೆಲಸ ಮಾಡಲು ಉಜ್ಜಾಟ ಬೇಕು. ಜಿಎಲ್-5 ಅತಿ ಜಾರು, ರಿಂಗ್ ಹಿಡಿತ ಸಿಗದೆ ಜಾರುತ್ತದೆ. ಕೆಲವು ಜಿಎಲ್-5 ಆಯಿಲ್‌ಗಳು ಬಿಸಿಯಲ್ಲಿ ಹಿತ್ತಾಳೆಯನ್ನೇ ತಿನ್ನುತ್ತವೆ. ಜಿಎಲ್-4 ಬೇಕಾದ ಗೇರ್‌ಬಾಕ್ಸಿಗೆ ಜಿಎಲ್-5 ಹಾಕಿದ್ದೇ ಗೇರ್ ಟೈಟ್ ಆಗಲು ಕಾರಣವಾಗಿರಬಹುದು. ಕೊನೆಯ ಸರ್ವಿಸ್ ಬಿಲ್ ತೆಗೆದು ನೋಡಿ.

ಮ್ಯಾನುಯಲ್ ಹೇಳಿದ್ದು ವಿಚಿತ್ರ ಅನಿಸಿದರೂ ಅದನ್ನೇ ಹಾಕಿ. ಕೈಯಿಂದ ಗೇರ್ ಹಾಕುವ ಕೆಲವು ಗೇರ್‌ಬಾಕ್ಸ್‌ಗಳಿಗೆ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ತೆಳು ಆಯಿಲ್ ಬೇಕು. 1959ರ ಮೂಲ ಮಿನಿ ಕಾರಿನಲ್ಲಂತೂ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ಒಂದೇ ಆಯಿಲ್.

ಬದಲಿಸುವ ದಿನ ಕಾರನ್ನು ಒಂದು ಹದಿನೈದು ನಿಮಿಷ ಓಡಿಸಿ, ಆಯಿಲ್ ಬೆಚ್ಚಗಾಗಲಿ. ಕಾರು ಎತ್ತಿದ ಮೇಲೆ ನಾಲ್ಕೂ ಕಡೆ ಜಾಕ್ ಸ್ಟ್ಯಾಂಡ್ ಕೊಟ್ಟು ಸಮತಟ್ಟು ಮಾಡಿ. ಬರೀ ಜಾಕ್ ನಂಬಿ ಕೆಳಗೆ ನುಗ್ಗುವುದು ಪ್ರಾಣಕ್ಕೆ ಅಪಾಯ. ಸೈಲೆನ್ಸರ್ ಪೈಪ್ ಸುಡುತ್ತಿರುತ್ತದೆ, ಜೋಪಾನ.

ಮೊದಲು ಬಿಚ್ಚಬೇಕಾದ್ದು ತುಂಬುವ ಪ್ಲಗ್, ಖಾಲಿ ಮಾಡುವ ಪ್ಲಗ್ ಅಲ್ಲ. ಆಯಿಲ್ ಎಲ್ಲ ಸುರಿಸಿದ ಮೇಲೆ ತುಂಬುವ ಪ್ಲಗ್ ಜಾಮ್ ಆಗಿದೆ ಅಂತ ಗೊತ್ತಾದರೆ ಕಾರು ಅಲ್ಲೇ ಕೂತಿತು. ಅದು ಸಡಿಲವಾದ ಮೇಲೆ ಕೆಳಗಿನದು ಬಿಚ್ಚಿ, ತೊಟ್ಟಿಕ್ಕುವುದು ನಿಲ್ಲುವವರೆಗೆ ಬಿಡಿ.

ಬಿಚ್ಚಿದ ಪ್ಲಗ್ ಎಸೆಯಬೇಡಿ, ಬೆಳಕಿಗೆ ಹಿಡಿದು ನೋಡಿ. ಎಷ್ಟೋ ಪ್ಲಗ್‌ಗಳ ತುದಿಯಲ್ಲಿ ಅಯಸ್ಕಾಂತ ಇರುತ್ತದೆ. ಅದರ ಮೇಲೆ ಬೂದು ಬಣ್ಣದ ನುಣ್ಣನೆಯ ಲೇಪ ಇದ್ದರೆ ಅದು ಸಹಜ ಸವೆತ. ಬೆರಳಿಗೆ ಹಚ್ಚಿ ಉಜ್ಜಿದರೆ ಮರಳಿನಂತೆ ಚುಚ್ಚಬಾರದು. ಉಗುರಿನಷ್ಟು ಚೂರು, ಹಲ್ಲಿನ ತುಂಡು ಸಿಕ್ಕರೆ ಒಳಗೆ ಏನೋ ಮುರಿದಿದೆ, ಇನ್ನು ಓಡಿಸಬೇಡಿ. ಹಿತ್ತಾಳೆಗೆ ಅಯಸ್ಕಾಂತ ಹತ್ತುವುದಿಲ್ಲ. ಅದು ಆಯಿಲ್ ಒಳಗೇ ಇರುತ್ತದೆ. ಟ್ರೇಯಲ್ಲಿನ ಹಳೇ ಆಯಿಲನ್ನು ಬಿಸಿಲಿಗೆ ಓರೆ ಮಾಡಿ. ಚಿನ್ನದ ಪುಡಿ ಕಲಸಿದಂತೆ ಮಿನುಗಿದರೆ ಸಿಂಕ್ರೋ ರಿಂಗ್‌ಗಳು ಸವೆಯುತ್ತಿವೆ.

ಹೊಸ ವಾಷರ್ ಹಾಕಿ ಕೆಳಗಿನ ಪ್ಲಗ್ ಬಿಗಿ ಮಾಡಿ. ಅಲ್ಯುಮಿನಿಯಂ ಮೈ, ಜೋರು ತೋರಿಸಿದರೆ ದಾರ ಕಿತ್ತುಬರುತ್ತದೆ. ಟಾರ್ಕ್ ರೆಂಚ್ ಇದ್ದರೆ ಮ್ಯಾನುಯಲ್ಲಿನ ಅಂಕಿಗೆ ಬಿಗಿ ಮಾಡಿ. ಮೇಲಿನ ರಂಧ್ರದಿಂದ ಕೈ ಪಂಪ್ ಅಥವಾ ಉದ್ದ ಪೈಪ್ ಸಿಕ್ಕಿಸಿದ ಆಲಿಕೆಯಲ್ಲಿ ತುಂಬಿ. ಹೆಚ್ಚಿನ ಸಣ್ಣ ಕಾರುಗಳಿಗೆ ಎರಡು ಲೀಟರ್ ಆಸುಪಾಸು ಹಿಡಿಯುತ್ತದೆ. ಬಹಳಷ್ಟು ಗೇರ್‌ಬಾಕ್ಸ್‌ಗಳಲ್ಲಿ ತುಂಬುವ ರಂಧ್ರದ ಅಂಚಿಗೆ ಆಯಿಲ್ ಬಂದು ಹೊರಗೆ ಜಿನುಗಲು ಶುರುವಾದರೆ ಮಟ್ಟ ಸರಿ. ಹಳೇ ಆಯಿಲನ್ನು ಚರಂಡಿಗೆ ಸುರಿಯಬೇಡಿ, ಹೊಸ ಆಯಿಲಿನ ಖಾಲಿ ಡಬ್ಬಿಗೆ ತುಂಬಿ ಹಳೇ ಆಯಿಲ್ ತೆಗೆದುಕೊಳ್ಳುವ ಗ್ಯಾರೇಜಿಗೆ ಕೊಡಿ. ಫಲಿತಾಂಶ ಮೊದಲ ದಿನವೇ ಕಾಣದಿರಬಹುದು. ಒಂದೆರಡು ವಾರ ಓಡಿಸಿ ಆಮೇಲೆ ತೀರ್ಮಾನಿಸಿ.

ಒಂದೇ ಗೇರ್ ಕೈಕೊಟ್ಟರೆ

1928ರಲ್ಲಿ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋ ಬರುವ ಮೊದಲು ಡ್ರೈವರ್‌ಗಳು ಎರಡು ಸಲ ಕ್ಲಚ್ ತುಳಿದು ಗೇರ್ ಬದಲಿಸುತ್ತಿದ್ದರು. ಆ ಹಳೇ ವಿದ್ಯೆ ಈಗ ಪರೀಕ್ಷೆಗೆ ಉಪಯೋಗಕ್ಕೆ ಬರುತ್ತದೆ. ಖಾಲಿ ರಸ್ತೆಯಲ್ಲಿ ಮೂರರಿಂದ ಎರಡಕ್ಕೆ ಇಳಿಸುವಾಗ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತನ್ನಿ, ಕ್ಲಚ್ ಬಿಡಿ, ಆಕ್ಸಿಲರೇಟರ್ ಒಮ್ಮೆ ಚೂರು ಒತ್ತಿ, ಮತ್ತೆ ಕ್ಲಚ್ ತುಳಿದು ಎರಡಕ್ಕೆ ಹಾಕಿ. ಹೀಗೆ ಮಾಡಿದಾಗ ಮಾತ್ರ ಸಲೀಸಾಗಿ ಬಿದ್ದರೆ ಎರಡನೆಯ ಗೇರಿನ ಸಿಂಕ್ರೋ ಸೋತಿದೆ. ಹೀಗೆಯೂ ಬಿಗಿಯೇ ಅಂದರೆ ಸ್ಲೀವನ್ನು ಸರಿಸುವ ಶಿಫ್ಟ್ ಫೋರ್ಕ್ ಬಾಗಿರುವುದು ಅಥವಾ ಸ್ಲೀವ್ ಸವೆದಿರುವುದು. ಎರಡಕ್ಕೂ ಗೇರ್‌ಬಾಕ್ಸ್ ಬಿಚ್ಚಲೇಬೇಕು, ಅದು ಪಳಗಿದ ಕೈಗಳ ಕೆಲಸ.

ಗೇರ್ ಲಿವರ್ ಮೇಲೆ ಸದಾ ಕೈ ಇಟ್ಟುಕೊಂಡು ಓಡಿಸುವವರಿದ್ದಾರೆ. ಆ ಭಾರ ಫೋರ್ಕನ್ನು ತಿರುಗುವ ಸ್ಲೀವಿಗೆ ಒತ್ತುತ್ತಲೇ ಇರುತ್ತದೆ. ಇನ್ನು, ಕಾರು ಇನ್ನೂ ಜೋರಾಗಿ ಉರುಳುತ್ತಿರುವಾಗ ಒಂದನೇ ಗೇರ್ ಬೀಳಲಿಲ್ಲ ಅಂತ ದೂರುವುದರಲ್ಲಿ ಅರ್ಥವಿಲ್ಲ. ಅದಕ್ಕೆ ಎರಡನೆಯದಿದೆ.

ಗೇರ್‌ಬಾಕ್ಸ್ ಇಳಿಸಲೇಬೇಕಾದರೆ

ಕ್ಲಚ್ ಡ್ರ್ಯಾಗ್ ಇದೆ, ಆದರೆ ಪೆಡಲ್, ಹೈಡ್ರಾಲಿಕ್, ಕೇಬಲ್ ಎಲ್ಲ ಸರಿ ಅಂದರೆ ತೊಂದರೆ ಬೆಲ್ ಹೌಸಿಂಗ್ ಒಳಗಿದೆ. ಪ್ರೆಶರ್ ಪ್ಲೇಟಿನ ಸ್ಪ್ರಿಂಗ್ ಸವೆದಿರಬಹುದು, ಕ್ಲಚ್ ಪ್ಲೇಟ್ ಬಾಗಿರಬಹುದು, ಶಾಫ್ಟಿನ ಹಲ್ಲುಗಳ ಮೇಲೆ ಪ್ಲೇಟ್ ಸರಿಯದೆ ಕಚ್ಚಿಕೊಂಡಿರಬಹುದು. ಹಿಂದಿನ ಚಕ್ರಕ್ಕೆ ಬಲ ಹೋಗುವ ಕಾರುಗಳಲ್ಲಿ ಶಾಫ್ಟಿನ ತುದಿ ಕೂರುವ ಪೈಲಟ್ ಬೇರಿಂಗ್ ಜಾಮ್ ಆಗಿಯೂ ಹೀಗಾಗುತ್ತದೆ. ತಿಂಗಳುಗಟ್ಟಲೆ ನಿಲ್ಲಿಸಿದ್ದ ಕಾರಿನಲ್ಲಿ ಪ್ಲೇಟ್ ತುಕ್ಕಿನಿಂದ ಫ್ಲೈವೀಲಿಗೇ ಅಂಟಿಕೊಂಡಿರುವುದೂ ಉಂಟು.

ಒಮ್ಮೆ ಇಳಿಸಿದ ಮೇಲೆ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್ ಮೂರನ್ನೂ ಒಟ್ಟಿಗೆ ಬದಲಿಸಿಬಿಡಿ. ಕೂಲಿಯೇ ದೊಡ್ಡದು, ಒಂದು ಭಾಗ ಉಳಿಸಲು ಹೋಗಿ ಮತ್ತೆ ಇಳಿಸುವ ಹಾಗೆ ಆಗಬಾರದು. ಸ್ಲೇವ್ ಸಿಲಿಂಡರ್ ಒಳಗೇ ಇರುವ ಮಾದರಿ ಆದರೆ ಅದನ್ನೂ ಸೇರಿಸಿ. ಫ್ಲೈವೀಲಿನ ಮೇಲೆ ನೀಲಿ ಕಲೆ, ಬಿರುಕು ಇದೆಯಾ ಅಂತ ನೀವೇ ಹೋಗಿ ನೋಡಿ. ಹಿಂದೆ ಕೂರಿಸುವಾಗ ಗೇರ್‌ಬಾಕ್ಸಿನ ಭಾರ ಶಾಫ್ಟಿನ ಮೇಲೆ ನೇತಾಡಲು ಬಿಟ್ಟರೆ ಹೊಸ ಪ್ಲೇಟೇ ಬಾಗುತ್ತದೆ. ಹೊಸ ಕ್ಲಚ್ ಹಾಕಿದ ಮೇಲೆ ಗೇರ್ ಮೊದಲಿಗಿಂತ ಟೈಟ್ ಆದರೆ ಮೊದಲ ಅನುಮಾನ ಲೈನಿನಲ್ಲಿ ಉಳಿದ ಗಾಳಿ. ಎರಡನೆಯದು ಹೀಗೆ ಪ್ಲೇಟ್ ಬಾಗಿರುವುದು, ಅಥವಾ ಹಿಂದುಮುಂದಾಗಿ ಕೂತಿರುವುದು.

ದಾರಿ ಮಧ್ಯೆ ಗೇರ್ ಬೀಳದೇ ಹೋದರೆ

ಕ್ಲಚ್ ಕೇಬಲ್ ತುಂಡಾಯಿತು, ಅಥವಾ ಪೆಡಲ್ ನೆಲಕ್ಕೆ ಬಿದ್ದು ಮೇಲೆ ಬರುತ್ತಿಲ್ಲ. ಮೊದಲು ಹಜಾರ್ಡ್ ಲೈಟ್ ಹಾಕಿ. ಹೈಡ್ರಾಲಿಕ್ ಆದರೆ ಪೆಡಲನ್ನು ಕಾಲಿನಲ್ಲಿ ಎತ್ತಿ ಹತ್ತು ಸಲ ಬೇಗ ಬೇಗ ತುಳಿದು ನೋಡಿ, ಒಂದೆರಡು ಸಲಕ್ಕೆ ಒತ್ತಡ ಸಿಗಬಹುದು. ಸಿಗದಿದ್ದರೆ, ಅಪಾಯದ ಜಾಗದಿಂದ ಪಕ್ಕಕ್ಕೆ ಸರಿಯಲೇಬೇಕಾದರೆ ಮಾತ್ರ, ಎಂಜಿನ್ ಆಫ್ ಮಾಡಿ ಒಂದನೇ ಗೇರಿಗೆ ಹಾಕಿ. ಮುಂದೆ ಯಾರೂ ಇಲ್ಲ ಅಂತ ಖಾತ್ರಿ ಮಾಡಿಕೊಂಡು ಗೇರಿನಲ್ಲೇ ಸ್ಟಾರ್ಟ್ ಮಾಡಿ. ಕ್ಲಚ್ ತುಳಿದರೆ ಮಾತ್ರ ಸ್ಟಾರ್ಟ್ ಆಗುವ ಕಾರಾದರೆ ಪೆಡಲ್ ಒತ್ತಿಯೇ ಇರಲಿ. ಕಾರು ಒಮ್ಮೆ ಜಿಗಿದು ಹೊರಡುತ್ತದೆ. ಕಾಲು ಬ್ರೇಕಿನ ಪಕ್ಕದಲ್ಲೇ ಇಟ್ಟುಕೊಂಡು, ನಡೆಯುವ ವೇಗದಲ್ಲಿ ರಸ್ತೆ ಬದಿಗೆ ತಂದು, ಎಂಜಿನ್ ಆಫ್ ಮಾಡಿ ನಿಲ್ಲಿಸಿ. ಅಲ್ಲಿಂದ ಮುಂದಕ್ಕೆ ಟೋ ಗಾಡಿ ಕರೆಸಿ.